ಜೀವಂತ ಟಗರಿನ ಪಾಲುಗಾರರು

ಮನಗೂಳಿಯ ಆ ಓಣಿಯಲ್ಲಿ ಯಾರ ಮನೆಯಲ್ಲಿ ಯಾವ ಒಗ್ಗರಣೆ ಬಿತ್ತು ಎಂಬುದು ಎಲ್ಲರ ಮೂಗಿಗೂ ಗೊತ್ತು. ಆದರೆ ಸಾವಿತ್ರವ್ವನ ಹಿತ್ತಲಿನಿಂದ ಎದ್ದ ನಾತ ಮಾತ್ರ ಬೆಳ್ಳುಳ್ಳಿಯನ್ನೂ ಸೋಲಿಸಿತ್ತು. ಮಕ್ಕಳು ಮೂಗು ಹಿಡಿದು ಓಡಿ ದಾಟುತ್ತಿದ್ದರು. ಪಕ್ಕದ ಮನೆಯವರು ಹಿಂಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದರು.

ಸಾವಿತ್ರವ್ವ ಮಾತ್ರ ತಗಡಿನ ಚಪ್ಪರದ ಕೆಳಗೆ ಕುಕ್ಕುರುಗಾಲಿನಲ್ಲಿ ಕೂತು, ಟಗರಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹುಬ್ಬು ಕೀಳುವ ಚಿಮಟಿಗೆಯಿಂದ ಗಾಯದ ಹುಳ ತೆಗೆಯುತ್ತಿದ್ದಳು. ಕರ್ಪೂರ ಕಲಸಿದ ಬೇವಿನೆಣ್ಣೆ ಹನಿಸಿದೊಡನೆ ಒಳಗಿನ ಬಿಳಿ ಹುಳಗಳು ಅಕ್ಕಿಯ ಕಾಳು ಕುದಿ ಬಂದಂತೆ ಮೇಲೇಳುತ್ತಿದ್ದವು. ಒಂದೊಂದನ್ನೇ ಹಿಡಿದು ಬೂದಿಯ ಬೋಗುಣಿಗೆ ಹಾಕುತ್ತಿದ್ದಳು. ಶಾಲೆಯ ಬಿಸಿಯೂಟಕ್ಕೆ ದಿನಾ ಚೀಲಗಟ್ಟಲೆ ಅಕ್ಕಿ ಆರಿಸುವ ಕೈ ಅದು. ಅವಸರ ಅದಕ್ಕೆ ಗೊತ್ತಿರಲಿಲ್ಲ.

ಕಾಳಗದ ಬ್ಯಾನರುಗಳಲ್ಲಿ ಆ ಟಗರಿನ ಹೆಸರು ‘ಮನಗೂಳಿ ಹುಲಿ’. ಮನೆಯಲ್ಲಿ ಅದು ಬಾಳ್ಯಾ. ತಾಯಿ ಸತ್ತ ಹಸಿ ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದು, ಮೊಮ್ಮಗಳ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದವಳು ಸಾವಿತ್ರವ್ವ. ಕೊಂಬು ಸುತ್ತಿಕೊಂಡ ಮೇಲೆ ಅದನ್ನು ಕಣಕ್ಕೆ ಎಳೆದೊಯ್ದವನು ಮಗ ಸಂಜೀವಕುಮಾರ. ಗೆದ್ದಾಗಲೆಲ್ಲ ಅವನು ಭಂಡಾರದ ಅರಿಶಿನಪುಡಿ ಮೆತ್ತಿಕೊಂಡು ಬರುತ್ತಿದ್ದ, ಟಗರು ನಾಲಿಗೆ ಚಾಚಿಕೊಂಡು ಬರುತ್ತಿತ್ತು. ಈ ಸಲ ಹೂವಿನ ಹಿಪ್ಪರಗಿಯ ಕಣದಲ್ಲಿ ಎಡಗೊಂಬು ಬುಡದಲ್ಲೇ ಸೀಳಿತು. ಸೀಳಿದ ಮೇಲೂ ಹಿಡಿದು ನಿಲ್ಲಿಸಲಿಲ್ಲ. ಎದುರಿನ ಟಗರು ಬಾಲ ತೋರಿಸಿ ಓಡುವ ತನಕ ಹಾಯಿಸಿದರು. ಗೆದ್ದು ಬಂತು. ಅರಿಶಿನ ಮೆತ್ತಿ, ಬಟ್ಟೆ ಕಟ್ಟಿ, “ತಾನ ಮಾಯ್ತೈತಿ ಬಿಡು” ಎಂದು ಮಗ ಬಾಡಿಗೆಯ ಟಂಟಂ ಗಾಡಿ ಹೊಡೆಯಲು ಹೋದ. ಬಟ್ಟೆಯೊಳಗೆ ಮಾಯಲಿಲ್ಲ, ಕೊಳೆಯಿತು.

“ಅವ್ವಾ, ಗೌಡ್ರು ಬಂದಾರ,” ಎಂದು ಸಂಜೀವಕುಮಾರ ಒಳಬಂದ.

ಬಸಂತರಾಯ ಆ ಊರಿನ ಹೊಲದೊಡೆಯ, ಟಗರಿನ ಮೇಲೆ ಪಂಥ ಕಟ್ಟುವವರಲ್ಲಿ ಮೊದಲಿಗ. ಮೂಗಿಗೆ ಅತ್ತರಿನ ಕರ್ಚೀಪು ಒತ್ತಿಕೊಂಡು ನಿಂತಿದ್ದ. ಅವನ ಹಿಂದೆ ಬಾಳ್ಯಾನಿಗೆ ಎಣ್ಣೆ ತಿಕ್ಕಿ ತಾಲೀಮು ಕೊಡುತ್ತಿದ್ದ ಅಪ್ಪಾಸಾಬ.

ಸೊಸೆ ವಿಜಯಶ್ರೀ ಬಾಗಿಲಲ್ಲಿ ನಿಂತು, “ಗೌಡ್ರ, ಚಾ ಮಾಡ್ಲೇನ್ರಿ?” ಎಂದಳು. ಕೇಳುವುದು ಅವಳ ರೂಢಿ.

“ಒಲ್ಲೆ ತಂಗಿ, ಅಸಿಡಿಟಿ.” ಒಲ್ಲೆ ಅನ್ನುವುದು ಅವನ ರೂಢಿ.

ಬಸಂತರಾಯನ ಅಸಿಡಿಟಿ ಈ ಓಣಿಗೆ ಬಂದಾಗ ಮಾತ್ರ ಏಳುತ್ತಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವನಿಗೆ ಚಹಾದ ಮೇಲೆ ಚಹಾ ಇಳಿಯುವುದನ್ನು ಓಣಿಯವರೆಲ್ಲ ಕಂಡಿದ್ದರು. ಯಾರೂ ಆಡಿ ತೋರಿಸಿರಲಿಲ್ಲ.

“ಡಾಕ್ಟರಿಗೆ ಹೇಳೀರೇನು?” ಎಂದು ಅವನು ಕೇಳಿದ.

“ಮುಂಜಾನೆ ಫೋನ್ ಮಾಡಿಸೀನ್ರಿ,” ಎಂದಳು ಸಾವಿತ್ರವ್ವ. “ಬರ್ತೀನಿ ಅಂದಾರ.”

“ಬರಲಿ, ನೋಡಲಿ. ಆದ್ರ ಸೂಜಿ ಮಾಡಿಸಬ್ಯಾಡ್ರಿ.”

“ಯಾಕ್ರಿ ಗೌಡ್ರ?”

“ಸೂಜಿ ಹೋತಂದ್ರ ಖಂಡ ಕೆಡ್ತೈತಿ.”

ಸಾವಿತ್ರವ್ವನ ಚಿಮಟಿಗೆ ನಿಂತಿತು. ಯಾರ ಖಂಡ ಎಂದು ಅವಳಿಗೆ ಒಂದು ಗಳಿಗೆ ಹೊಳೆಯಲೇ ಇಲ್ಲ. ಹೊಳೆದಾಗ ಮಗನ ಮುಖ ನೋಡಿದಳು. ಅವನು ಕಂಬಕ್ಕೆ ಕಟ್ಟಿದ ಹಗ್ಗದ ಗಂಟನ್ನು ಪರೀಕ್ಷಿಸುತ್ತಿದ್ದ.

“ಗೆದ್ದ ಟಗರಿನ ತೊಡಿ ತಿಂದವಗ ತೊಡಿ ಬರ್ತೈತಿ ಅಂತಾರ,” ಎಂದ ಬಸಂತರಾಯ. “ನಮ್ಮ ಹುಡುಗ ಗರಡಿಗೆ ಹೊಂಟಾನ. ಹಿಂದಿನ ತೊಡಿ ಎರಡೂ ನನಗಿರಲಿ. ನಮ್ಮ ಹೊಲದಾಗ ಕೊಯ್ದ್ರ ಆತು, ನಿಮಗ ಇಲ್ಲಿ ಹೊಲಸು ಆಗೂದು ಬ್ಯಾಡ.”

“ಕಲೇಜಿ ನಂದು,” ಎಂದ ಅಪ್ಪಾಸಾಬ. “ದಿನಾ ತಿಕ್ಕೀನಿ, ಅಷ್ಟೂ ಹಕ್ಕಿಲ್ಲೇನು?”

“ತಲಿ ತಗೋಳೋ, ಎಲ್ಲಾ ಗೆದ್ದದ್ದು ತಲಿನ ಅಲ್ಲೇನು?”

“ಥೂ! ಹುಳಾ ಬಿದ್ದ ತಲಿ ನೀವ ಇಟಗೋರಿ ಗೌಡ್ರ.”

ಇಬ್ಬರೂ ನಕ್ಕರು. ಸಂಜೀವಕುಮಾರನೂ ನಕ್ಕಂತೆ ಮಾಡಿದ.

ಬಸಂತರಾಯನ ದನಿ ಕೇಳಿ ಬಾಳ್ಯಾ ತೊಡೆಯ ಮೇಲಿಂದ ತಲೆ ಎತ್ತಿತು. ಒಂದು ಕಣ್ಣು ಬಾತು ಮುಚ್ಚಿತ್ತು. ಆದರೂ ತಡವರಿಸಿ ಎದ್ದು ಹೋಗಿ, ರೂಢಿಯಂತೆ ಅವನ ಜುಬ್ಬಾದ ಕಿಸೆಗೆ ಮೂತಿ ಚಾಚಿತು. ಆ ಕಿಸೆಯಲ್ಲಿ ಯಾವಾಗಲೂ ಬದಾಮು ಇರುತ್ತಿದ್ದವು. ಬಸಂತರಾಯ ಎರಡು ಬದಾಮು ತೆಗೆದು ಒಂದು ಕೈಯಿಂದ ತಿನ್ನಿಸಿದ. ಇನ್ನೊಂದು ಕೈಯಿಂದ ಅದರ ಬೆನ್ನೆಲುಬಿನ ಪಕ್ಕ, ಪಕ್ಕೆಯ ಸಂದು, ತೊಡೆಯ ಒಳಮೈ ಹಿಚುಕಿ ಹಿಚುಕಿ ನೋಡಿದ.

“ಕೊಬ್ಬು ಇನ್ನಾ ಇಳಿದಿಲ್ಲ,” ಎಂದ ಅಪ್ಪಾಸಾಬನ ಕಡೆ ತಿರುಗಿ. “ಆದ್ರ ತಡಾ ಮಾಡಬಾರದು. ಜ್ವರ ಬಂದ್ರ ತೂಕ ಸೋರತೈತಿ.”

ಬಾಳ್ಯಾ ಬದಾಮು ಅಗಿಯುತ್ತಿತ್ತು. ಬೋಗುಣಿಯಲ್ಲಿ ಹುಳ ಮಿಸುಕುವುದನ್ನು ಸಾವಿತ್ರವ್ವ ಬೆಳಗಿನಿಂದ ನೋಡಿದ್ದಳು, ಕೀವು ಮೊಣಕೈವರೆಗೆ ಇಳಿದಿತ್ತು. ಅದಕ್ಕೆಲ್ಲ ಬಾರದ ವಾಕರಿಕೆ ಈಗ ಬಂತು. ಎದ್ದು ಹೋಗಿ ಬೇಲಿಯ ಬುಡದಲ್ಲಿ ಉಗುಳಿ ಬಂದಳು.

ಅಷ್ಟರಲ್ಲಿ ದನದ ದವಾಖಾನೆಯ ಡಾಕ್ಟರು ಸುನಂದಾ ಸ್ಕೂಟಿ ನಿಲ್ಲಿಸಿ ಒಳಬಂದರು. ಚಿಕ್ಕ ವಯಸ್ಸು, ದೊಡ್ಡ ಚೀಲ. ಗಾಯಕ್ಕೆ ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು.

“ಕೊಂಬಿನ ಕೆಳಗಿನ ಎಲುಬು ಒಡದೈತಿ. ತಲಿಬುರುಡಿ ಒಳಗ ಪೊಳ್ಳು ಇರ್ತೈತಲ್ಲ, ಅಲ್ಲಿ ಕೀವು ತುಂಬೇತಿ,” ಎಂದರು. “ಕೊಂಬು ಬುಡಕ್ಕ ಕೊಯ್ದು ತಗೀಬೇಕು. ದಿನಾ ತೊಳೀಬೇಕು, ಸೂಜಿ ಆಗಬೇಕು. ನನ್ನ ಕೆಲಸಕ್ಕ ರೊಕ್ಕ ಬ್ಯಾಡ. ಔಷಧ ಹೊರಗ ತರಬೇಕಾಗ್ತೈತಿ, ದವಾಖಾನ್ಯಾಗ ಅಷ್ಟು ಬರೂದಿಲ್ಲ. ಹತ್ತು ಸಾವಿರದ ಆಚೀಚೆ ಹಿಡೀರಿ.”

“ಗುಣ ಆಗ್ತೈತೇನ್ರಿ ಬಾಯಾರ?” ಸಾವಿತ್ರವ್ವ ಕೇಳಿದಳು.

“ಬಹಳ ಮಾಡಿ ಆಗ್ತೈತಿ. ಖಾತ್ರಿ ಕೊಡಂಗಿಲ್ಲ.”

“ಮತ್ತ ಕಣಕ್ಕ?” ಸಂಜೀವಕುಮಾರ ಕೇಳಿದ.

“ಕಣದ ಮಾತು ಬಿಟ್ಟಬಿಡ್ರಿ. ಇನ್ನೊಮ್ಮೆ ಹಾಯ್ತಂದ್ರ ಅಲ್ಲೇ ಸಾಯ್ತೈತಿ.”

ಸಂಜೀವಕುಮಾರ ತಾಯಿಯನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿದರೂ ಎಲ್ಲರಿಗೂ ಕೇಳುತ್ತಿತ್ತು. “ನೀನ ವಿಚಾರ ಮಾಡು ಬೇ. ಈಗ ಗೌಡ್ರಿಗೆ ಕೊಟ್ರ ಇಪ್ಪತ್ತೈದು ಸಾವಿರ ಬರ್ತೈತಿ. ಸೂಜಿ ಮಾಡಿಸಿದ್ರ ಅದು ಹೋತು, ಮ್ಯಾಲ ಹತ್ತು ಹೋತು. ಉಳದ ಮ್ಯಾಲರೆ ಏನು ಮಾಡ್ತೈತಿ? ಒಂಟಿ ಕೊಂಬಿನ ಟಗರಿಗೆ ಹುರಳಿ ಹಾಕ್ಕೋತ ಕೂಡೂದೇನು?”

“ನಿನಗ ಕಾಲು ಮುರದ್ರ ಹುರಳಿ ಲೆಕ್ಕ ಹಾಕ್ಲೇನೋ?”

“ನಾ ಮನಷ್ಯಾ ಅದೇನಿ ಬೇ!”

“ಹೌದು, ಅದನ್ನ ನೋಡಾಕತ್ತೀನಿ.”

ವಿಜಯಶ್ರೀ ಬಾಗಿಲಲ್ಲಿ ಮುಖ ತಿರುಗಿಸಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಈ ನಡುವೆ ಬಸಂತರಾಯ ಡಾಕ್ಟರ ಹತ್ತಿರ ಸರಿದಿದ್ದ. “ಅಲ್ರಿ ಮೇಡಂ, ಔಷಧ ಕೊಟ್ಟದ್ದು ಮೈಯಾಗ ಎಷ್ಟು ದಿನ ಇರ್ತೈತಿ?”

“ಕಡೀ ಸೂಜಿ ಆದ ಮ್ಯಾಲ ತಿಂಗಳೊಪ್ಪತ್ತು ಬಿಡಬೇಕು.”

“ಆಮ್ಯಾಲ ತಿನ್ನಾಕ ಅಡ್ಡಿಲ್ಲಲ್ಲ?”

ಡಾಕ್ಟರು ಅವನನ್ನು ಒಮ್ಮೆ ನೋಡಿ, ಕೇಳಿದ್ದಕ್ಕೆ ಉತ್ತರ ಹೇಳಲೇಬೇಕಲ್ಲ ಎನ್ನುವವರಂತೆ, “ಅಡ್ಡಿಲ್ಲ,” ಎಂದರು.

ಬಸಂತರಾಯನ ಮುಖ ಅರಳಿತು. “ಹಂಗಾದ್ರ ಜಗಳ ಯಾಕ? ಔಷಧದ ರೊಕ್ಕ ನಾವ ಕೊಡ್ತೀವಿ. ಗುಣ ಮಾಡ್ರಿ, ಮೇಯಿಸ್ರಿ, ಮೈ ತುಂಬ್ಲಿ. ತಿಂಗಳೊಪ್ಪತ್ತು ಕಳದ ಮ್ಯಾಲ ನಮ್ಮ ಪಾಲು ನಮಗ. ಉಳದದ್ದಕ್ಕ ಸಂಜೀವಗ ರೊಕ್ಕಾನೂ ಎಣಿಸ್ತೀನಿ.” ಕಿಸೆಯಿಂದ ನೋಟು ತೆಗೆದು, ಸಾವಿತ್ರವ್ವನ ಕೈಗೆ ಕೊಡದೆ, ಹುರಳಿ ನೆನೆಹಾಕುವ ಕಲ್ಲಿನ ಮೇಲಿಟ್ಟ. “ಮುದುಕೀನ ಮನಸ್ಸೂ ಉಳೀತು, ಟಗರೂ ಉಳೀತು.”

“ಗೌಡ್ರದು ದೊಡ್ಡ ಮನಸ್ಸು,” ಎಂದ ಅಪ್ಪಾಸಾಬ.

ಎಲ್ಲರಿಗೂ ಹಗುರಾಯಿತು. ಸಂಜೀವಕುಮಾರ ಉಸಿರು ಬಿಟ್ಟ. ಡಾಕ್ಟರು ಚೀಲ ಬಿಚ್ಚಿ ಸೀಸೆಯ ಬಾಯಿಗೆ ಸೂಜಿ ಚುಚ್ಚಿದರು. ಬಾಳ್ಯಾ ಬಂದು ಮತ್ತೆ ಸಾವಿತ್ರವ್ವನ ಮೊಣಕಾಲಿಗೆ ತಲೆಯಾನಿಸಿತು. ಬೇಡ ಅಂದರೆ ಮಗ ಇಂದೇ ಹಗ್ಗ ಬಿಚ್ಚಿ ಗೌಡನ ಹೊಲಕ್ಕೆ ಹೊಡೆದುಕೊಂಡು ಹೋಗುತ್ತಾನೆ. ಹೂಂ ಅಂದರೆ ತಾನೇ ತೊಳೆದು, ತಾನೇ ಮೇಯಿಸಿ, ಮೈ ತುಂಬಿಸಿ, ತಾನೇ ಕೊಡಬೇಕು. ಕಲ್ಲಿನ ಮೇಲಿನ ನೋಟಿನ ಮೇಲೆ ಒಂದು ನೊಣ ಕೂತಿತು. ಗಾಯದಿಂದ ಎದ್ದು ಹೋದ ನೊಣ.

“ಬಾಯಾರ, ಒಂದು ಮಾತು ಕೇಳ್ತೀನ್ರಿ,” ಎಂದಳು ಸಾವಿತ್ರವ್ವ. “ಮಲಗಿಸಿ ಬಿಡೂ ಸೂಜಿ ಅಂತ ಇರ್ತೈತಂತಲ್ಲ, ಹೌದೇನ್ರಿ?”

“ಐತಿ. ಇನ್ನ ಉಳಿಯಂಗಿಲ್ಲ, ನರಳೂದ ಅಷ್ಟ ಐತಿ ಅಂದಾಗ ಕೊಡ್ತೀವಿ.”

“ಅದನ್ನ ಕೊಟ್ಟ ಮ್ಯಾಲ ಖಂಡ?”

“ನಾಯಿಗೂ ಹಾಕಬಾರದು. ಆಳಕ್ಕ ಕುಣಿ ತೆಗದು ಹೂಳಬೇಕು.”

“ಹಂಗಾದ್ರ ಕೇಳ್ರಿ. ಸಾಲ್ಯಾಗ ಅಡಗಿ ಮಾಡ್ತೀನಿ. ಮೂರು ತಿಂಗಳ ಪಗಾರ ಇನ್ನಾ ಕೈಗೆ ಬಂದಿಲ್ಲ, ಈ ವಾರ ಒಮ್ಮೆಲೆ ಬರ್ತೈತಿ. ಅಷ್ಟೂ ಇಂವಂದು. ಅದರ ಮ್ಯಾಲ ಒಂದು ರೂಪಾಯಿ ನನ್ನ ಹಂತ್ಯಾಕ ಇಲ್ಲ, ಸಾಲಾನೂ ಮಾಡೂದಿಲ್ಲ. ಅಷ್ಟರಾಗ ಗುಣ ಆದ್ರ ಇಲ್ಲೇ ಕಟ್ಟಿರ್ತೀನಿ, ವಯಸ್ಸಾಗಿ ಸಾಯ್ಲಿ. ಆಗಲಿಲ್ಲ ಅಂದ್ರ ನೀವ ಬಂದು ಆ ಸೂಜಿ ಮಾಡ್ರಿ. ಕುಣಿ ನಾ ತೋಡಿಸ್ತೀನಿ.”

“ಅವ್ವಾ, ತಲಿ ಕೆಟ್ಟೈತೇನು?” ಸಂಜೀವಕುಮಾರ ಚೀರಿದ. “ಪುಕ್ಕಟ ಗುಣ ಆಗಾಕತ್ತಿತ್ತು!”

“ಪುಕ್ಕಟ ಅಲ್ಲಪಾ. ತೂಕದ ಮ್ಯಾಲ.”

“ನೀ ಏನ ಖಂಡ ತಿನ್ನಲಾರದಾಕೇನ?” ಎಂದ ಬಸಂತರಾಯ, ನಗು ಮುಖದಿಂದ ಇಳಿದಿತ್ತು. “ಈಗ ದೊಡ್ಡ ಸನ್ಯಾಸಿ ಆಗೀಯಲ್ಲ.”

“ತಿಂತೀನ್ರಿ ಗೌಡ್ರ. ಸಂತ್ಯಾಗಿಂದು ತಂದು ತಿಂದೀನಿ, ನಾಳೆ ಮತ್ತ ತಿಂದೇನು. ಒಂದು ಕೈಯಾಗ ಬದಾಮು ತಿನಿಸಿ ಇನ್ನೊಂದು ಕೈಯಾಗ ತೊಡಿ ಹಿಚುಕೂದು ನನಗ ಬರೂದಿಲ್ಲ. ನಿಮ್ಮ ರೊಕ್ಕ ತಗೋರಿ. ನೊಣ ಕುಂತಾವ ಅದರ ಮ್ಯಾಲ.”

“ಅಂದ್ರ ಯಾರಿಗೂ ಸಿಗಲಾರದಂಗ ಮಾಡ್ತೀ?”

“ಹೌದ್ರಿ. ಯಾರಿಗೂ ಇಲ್ಲ.”

ಬಸಂತರಾಯ ಕರ್ಚೀಪಿನಿಂದಲೇ ನೋಟು ಹಿಡಿದು ಎತ್ತಿಕೊಂಡ. “ಬೆಳಿಸಿ ಇಟ್ಟವ್ರು ನಾವು, ಹೆಸರು ಕೊಟ್ಟವ್ರು ನಾವು,” ಎಂದು ಸಂಜೀವಕುಮಾರನಿಗೆ ಹೇಳುತ್ತ ಹೊರಟ. ಡಾಕ್ಟರು ಆ ಮಾತು ಮುಗಿಯಲೆಂದು ಕಾಯಲಿಲ್ಲ. ಔಷಧದ ಸೂಜಿ ಬಾಳ್ಯಾನ ಕುತ್ತಿಗೆಗೆ ಇಳಿದಿತ್ತು.

ಕೊಂಬು ಕೊಯ್ಯುವಾಗ ಹಿಡಿಯಲು ಗಂಡಾಳು ಬೇಕಿತ್ತು. ಸಂಜೀವಕುಮಾರ ಮುಖ ಗಂಟಿಕ್ಕಿಕೊಂಡೇ ಬಂದು ಹಿಡಿದ. ತಂತಿಯ ಗರಗಸ ಆಚೀಚೆ ಎಳೆದಂತೆ ಸುಟ್ಟ ಕೂದಲಿನ ವಾಸನೆ ಎದ್ದಿತು. ಕೊಂಬು ಕಳಚಿದೊಡನೆ ಒಳಗಿನಿಂದ ಹಳದಿ ಕೀವು, ಹೆಪ್ಪುಗಟ್ಟಿದ ರಕ್ತ, ಹುಳ ಎಲ್ಲ ಒಟ್ಟಿಗೆ ಅವನ ಅಂಗಿಯ ಮೇಲೆ ಬಂತು. ಅವನು ಅಲ್ಲೇ ವಾಂತಿ ಮಾಡಿಕೊಂಡ. “ಬಿಡಬ್ಯಾಡ, ಹಿಡಿ,” ಎಂದಳು ತಾಯಿ. ಹಿಡಿದ.

ಎಲ್ಲ ಮುಗಿದ ಮೇಲೆ ಅಪ್ಪಾಸಾಬ ಮೆಲ್ಲಗೆ ಒಳಗೆ ಇಣುಕಿದ. ಗೌಡನ ಜೊತೆ ಹೋದವನು ಅರ್ಧ ದಾರಿಯಿಂದ ತಿರುಗಿ ಬಂದಿದ್ದ. “ಅಕ್ಕಾ, ಸಿಟ್ಟಾಗಬ್ಯಾಡ. ಆ ಕೊಂಬರೆ ಕೊಡು. ತೊಳದು ಬಾಗಲಕ್ಕ ಕಟ್ತೀನಿ, ನೆನಪಿಗೆ.”

ಸಾವಿತ್ರವ್ವ ಕೊಂಬನ್ನು ಕೀವಿನ ಅರಳೆಯ ಜೊತೆ ತಗ್ಗಿಗೆ ಹಾಕಿ ಸುಣ್ಣ ಸುರಿದಳು.

ಪಗಾರ ಬಂದ ಹಾಗೇ ಹೋಯಿತು. ನಡುವೆ ಜ್ವರ ಏರಿ ಬಾಳ್ಯಾ ಮೇವು ಬಿಟ್ಟಾಗ, ಉಳಿದ ದುಡ್ಡನ್ನು ಡಬ್ಬಿಯಿಂದ ತೆಗೆದು ನೋಡಿ, ಹಿತ್ತಲ ಮೂಲೆಯಲ್ಲಿ ಕುಣಿಗೆ ಜಾಗ ಗುರುತು ಮಾಡಿಯೂ ಬಂದಳು. ಆದರೆ ಜ್ವರ ಇಳಿದು ಅದು ಮತ್ತೆ ಮೆಲುಕು ಹಾಕಿತು. ಔಷಧದ ಅಂಗಡಿಯ ಕೊನೆಯ ಚೀಟಿಗೆ ದುಡ್ಡು ಮುಗಿಯಿತು. ಗಾಯ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಸೂಜಿ ಸಾಕು, ಇನ್ನು ಉಪ್ಪುನೀರಿನಿಂದ ತೊಳೆದು ಎಣ್ಣೆ ಹಾಕಿದರಾಯಿತು ಎಂದರು ಡಾಕ್ಟರು. ಬಾಳ್ಯಾ ಈಗ ತಲೆಯನ್ನು ಒಂದು ಕಡೆ ವಾಲಿಸಿಕೊಂಡು ನಡೆಯುತ್ತಿತ್ತು. ಉಳಿದ ಒಂಟಿ ಕೊಂಬಿನ ಭಾರಕ್ಕೆ ವಾರೆ ಹೋಗಿ ಗೋಡೆಗೆ ತಾಗುತ್ತಿತ್ತು. ಓಣಿಯ ಮಕ್ಕಳು ‘ವಾರೆ ಹುಲಿ’ ಎಂದು ಕೂಗಿ ನಗುತ್ತಿದ್ದರು. ಗೆದ್ದಾಗಿನಂತೆ ಅದರ ಜೊತೆ ಸೆಲ್ಫಿ ತೆಗೆಯಲು ಈಗ ಯಾರೂ ಬರುತ್ತಿರಲಿಲ್ಲ.

ಬಸಂತರಾಯ ಚಡಚಣದ ಕಡೆಯಿಂದ ಹೊಸ ಟಗರು ತರಿಸಿದ ಎಂಬ ಸುದ್ದಿ ಬಂತು. ಅದಕ್ಕೆ ತಾಲೀಮು ಕೊಡಲು ಸಂಜೀವಕುಮಾರ ಸಂಜೆ ಸಂಜೆ ಹೊಲಕ್ಕೆ ಹೋಗತೊಡಗಿದ. ತಾಯಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಮೈಗೆ ಟಗರಿನ ಉಣ್ಣೆಯ ಜಿಡ್ಡು, ಸಾಸಿವೆ ಎಣ್ಣೆಯ ವಾಸನೆ ಹತ್ತಿಕೊಂಡಿರುತ್ತಿತ್ತು.

ಒಂದು ಸಂಜೆ ಅವನು ನೇರ ಹಿತ್ತಲಿಗೆ ಬಂದ. ಬಾಳ್ಯಾ ಗುರುತು ಹಿಡಿದು ವಾರೆ ವಾರೆಯಾಗಿ ಅವನ ಕಡೆ ನಡೆಯಿತು. ಅವನು ಅದರ ಗದ್ದ ಕೆರೆಯಲು ಕೈ ಚಾಚಿದ.

“ಮುಟ್ಟಬ್ಯಾಡ,” ಎಂದಳು ಸಾವಿತ್ರವ್ವ. “ಕೈ ತೊಳಕೊಂಡು ಬಾ.”

“ತೊಳದೇನಿ ಬೇ. ಗೌಡ್ರ ಬಾವ್ಯಾಗ ಸಾಬಾಣ ಹಚ್ಚಿ ತೊಳದೇನಿ.”

“ಅಲ್ಲಿ ತೊಳದದ್ದು ಲೆಕ್ಕಿಲ್ಲ.”

ಅವನು ಕೊಡದಿಂದ ನೀರು ಮೊಗೆದುಕೊಳ್ಳದೆಯೇ ಒಳಗೆ ಹೋದ. ವಿಜಯಶ್ರೀ ಅವನಿಗೆ ತಾಟು ಇಟ್ಟ ಸದ್ದು ಕೇಳಿತು. ಸಾವಿತ್ರವ್ವ ಉಪ್ಪುನೀರಿನ ಬೋಗುಣಿಯನ್ನು ಹತ್ತಿರ ಎಳೆದುಕೊಂಡು, ಟಗರಿನ ತಲೆಯನ್ನು ತೊಡೆಗೆ ಆನಿಸಿ, ಗಾಯದ ಅಂಚು ತೊಳೆಯತೊಡಗಿದಳು.