ಸದ್ದಿಲ್ಲದ ಫಿಲ್ಟರ್

ಆರಡಿ ಉದ್ದದ ಮೀನಿನ ತೊಟ್ಟಿಗೆ ಫಿಲ್ಟರ್ ಹುಡುಕುತ್ತಾ ಅಂಗಡಿ ಅಂಗಡಿ ಅಲೆದು ನನಗೆ ತಲೆ ಕೆಟ್ಟುಹೋಗಿತ್ತು. ಕೊನೆಗೆ ಎರಡು ಉಳಿದವು. ಒಂದು ಗಾಜಿನ ಅಂಚಿಗೆ ನೇತುಹಾಕುವಂಥದ್ದು, ಗಳಗಳ ನೀರು ಸುರಿಸುತ್ತಾ ಒಂದೇ ಸಮನೆ ಗಲಾಟೆ. ಇನ್ನೊಂದು ತೊಟ್ಟಿಯ ಕೆಳಗೆ ಅಡಗಿಸಿಡುವ ಡಬ್ಬಿ. ಅದು ಓಡುತ್ತಿದೆಯೋ ಇಲ್ಲವೋ ಅಂತ ಕೈಯಿಟ್ಟೇ ನೋಡಬೇಕು.

"ಈ ಡಬ್ಬಿಯೇ ಇರಲಿ," ಅಂದೆ. "ಮನೇಲಿ ಸದ್ದು ಮಾಡೋಕೆ ನಾನೊಬ್ಬಳು ಸಾಕು."

ಅಂಗಡಿಯವರು ನಕ್ಕರು. ನಮ್ಮವರು ನಗಲಿಲ್ಲ. ಕೆಲವು ತಿಂಗಳಿಂದ ಅವರು ಹೀಗೇ, ಏನು ಕೇಳಿದರೂ ಬರೀ 'ಹೂಂ'. ಸದ್ಯ ಜಗಳವಿಲ್ಲವಲ್ಲ ಅಂತ ನಾನೂ ಹಾಯಾಗಿದ್ದೆ.

"ಬೇಡ," ಅಂದರು ಇದ್ದಕ್ಕಿದ್ದಂತೆ. "ಸದ್ದು ಮಾಡೋದು ನಿಂತರೆ ತಕ್ಷಣ ಗೊತ್ತಾಗುತ್ತೆ. ಸುಮ್ಮನಿರೋದು ಕೆಟ್ಟು ನಿಂತರೆ, ಮೀನು ಸತ್ತು ತೇಲಿದ ಮೇಲೇ ಗೊತ್ತಾಗೋದು."

ನಾನು ಡಬ್ಬಿಯನ್ನು ಮೆಲ್ಲಗೆ ಅಂಗಡಿಯವರ ಕಡೆಗೆ ಹಿಂದಕ್ಕೆ ಸರಿಸಿದೆ. ಗಲಾಟೆಯದ್ದನ್ನೇ ಕಟ್ಟಿಸಿಕೊಂಡು ಹೊರಟೆವು.

ಕಾರಿನಲ್ಲಿ ಅವರು ಮತ್ತೆ ಸುಮ್ಮನಾದರು.

"ರೀ," ಅಂದೆ.

"ಹೂಂ."

ಮುಂದಿನ ತಿರುವಿನವರೆಗೂ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ರೀ."