ಚಿಕ್ಕ ಇಲ್ಡಾ, ಪುಟ್ಟ ಇಲ್ಡಾ

ತೊಳೆದ ಕಲ್ಲು ಆರುತ್ತಿದೆ, ಎಲ್ಲ ಅಕ್ಷರವೂ ಒಣಗಿ ಎಸ್ ಅಕ್ಷರದ ಕೆಳಬಳುಕಿನಲ್ಲಿ ಮಾತ್ರ ಒಂದು ಹನಿ ನಿಂತಿದೆ, ನಿಲ್ಲಲಿ ಬಿಡು, ಅಷ್ಟು ಆಳಕ್ಕೆ ಕೊರೆದವನು ತಾನೇ ಅಲ್ಲವೆ, ಅಂದುಕೊಂಡ ಸೆಟ್ಟೀಮಿಯೊ, ನಲವತ್ತೊಂದು ವರ್ಷದ ಹಿಂದೆ, ವರ್ಮಾಂಟಿನ ಇದೇ ಕಲ್ಲುಕೊಟ್ಟಿಗೆಯಲ್ಲಿ, ಇಟಲಿಯಿಂದ ಬಂದ ಹೊಸದು, ಕೈತುಂಬ ಕಸುಬು, ಬಾಯಲ್ಲಿ ಮಾತ್ರ ನಾಲ್ಕೇ ನಾಲ್ಕು ಇಂಗ್ಲಿಷ್ ಮಾತು — ಮಗಳ ಗೋರಿಕಲ್ಲಿಗೆ ಕೊರೆದದ್ದೂ ಅಷ್ಟೇ, ನಮ್ಮ ಸ್ಮಾಲ್ ಇಲ್ಡಾ, ಹನ್ನೊಂದು ದಿನ. ಅವನ ತಾಯಿನುಡಿಯಲ್ಲಿ ಚಿಕ್ಕದಕ್ಕೂ ಪುಟ್ಟದಕ್ಕೂ ಒಂದೇ ಮಾತು, ಪಿಕ್ಕೊಲಾ, ಇಂಗ್ಲಿಷಿನವರು ಅದನ್ನು ಸೀಳಿ ಎರಡು ಮಾಡಿಟ್ಟಿದ್ದಾರೆ ಅಂತ ಯಾರು ಕಂಡಿದ್ದರು, ಹೆಂಡತಿ ಎಫಿಯದು ಹುಟ್ಟುಮಾತೇ ಇಂಗ್ಲಿಷು, ಒಂದು ಸಲ ಕೇಳಿದ್ದರೆ ಆಗುತ್ತಿತ್ತು, ಆದರೆ ಹಾಸಿಗೆ ಬಿಟ್ಟೇಳದ ಬಾಣಂತಿಯ ಹತ್ತಿರ, ಹೋದ ಕೂಸಿನ ಕಲ್ಲಿಗೆ ಯಾವ ಮಾತು ಹಾಕಲಿ ಅಂತ ಯಾವ ಬಾಯಲ್ಲಿ ಕೇಳೋದು, ಮೊಳೆಡಬ್ಬಿಯ ಮೇಲಿದ್ದ ಸ್ಮಾಲ್ ಅನ್ನೋ ಮಾತನ್ನೇ ನೋಡಿ ಇಳಿಸಿಕೊಂಡ, ಅದೇ ಡಬ್ಬಿಯ ಮೊಳೆ ತಾನೆ ಕೂಸಿನ ಶವಪೆಟ್ಟಿಗೆಗೂ ಹೊಡೆದದ್ದು, ಕೂಸನ್ನು ತನ್ನ ತೋಳಿನಲ್ಲೇ ಅಳೆದಿದ್ದ, ಮೊಳಕ್ಕೆ ಎರಡು ಬೆರಳು ಕಡಿಮೆ. ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಚರ್ಚಿನ ಮೆಟ್ಟಿಲ ಹತ್ತಿರ, ಯಾರದೋ ಕೂಸಿನ ಗಾಡಿಗೆ ಹೆಂಗಸರೆಲ್ಲ ಬಗ್ಗಿ ಲಿಟಲ್, ಲಿಟಲ್ ಅನ್ನುತ್ತಿದ್ದಾರೆ, ಒಬ್ಬಳೂ ಸ್ಮಾಲ್ ಅನ್ನಲಿಲ್ಲ — ಸ್ಮಾಲ್ ಅಂದರೆ ಅಳೆದು ಹೇಳುವ ಮಾತು, ಮೊಳೆಗೆ, ಅಂಗಿಗೆ. ಲಿಟಲ್ ಅಂದರೆ ಎತ್ತಿಕೊಂಡು ಹೇಳುವ ಮಾತು. ಅಂದಿನಿಂದ ಪ್ರತಿ ಭಾನುವಾರ ಗೋರಿಯ ಮುಂದೆ ಟೋಪಿ ಕೈಯಲ್ಲಿ ಹಿಡಿದು ಹೂವು ನೋಡುತ್ತಾನೆ, ಕಲ್ಲಿನ ಮೇಲಿನ ಆ ಸಾಲು ನೋಡುವುದಿಲ್ಲ. ಈ ಚಳಿಗೆ ನೆಲ ಹೆಪ್ಪುಗಟ್ಟಿ ಉಬ್ಬಿ ಕಲ್ಲು ವಾಲಿತು, ನೆಟ್ಟಗೆ ಮಾಡುವ ನೆಪದಲ್ಲಿ ಮನೆಗೆ ಬಂದ ಮಗಳ ಹಾಗೆ ಕೊಟ್ಟಿಗೆಗೆ ಬಂದಿದೆ, ಕಲ್ಲಿನ ಮುಖ ಅರ್ಧ ಬೆರಳು ಕೆತ್ತಿ ತೆಗೆದರೆ ಸ್ಮಾಲ್ ಹೋಯಿತು, ಲಿಟಲ್ ಬಂತು, ಇವತ್ತೇ, ಈಗಲೇ —

ಏನೋ ಮುದುಕಾ, ಊಟದ ಡಬ್ಬಿ ಮರೆತು ಬಂದಿದ್ದೀಯ, ಉಳಿ ಮಾತ್ರ ಮರೆತಿಲ್ಲ, ಎಫಿ, ಬಾಗಿಲಲ್ಲಿ ಎಫಿ, ಮುಚ್ಚಿಡಲು ಇಷ್ಟು ದೊಡ್ಡ ಕಲ್ಲನ್ನು ಎಲ್ಲಿ ಮುಚ್ಚಿಡೋದು, ತಪ್ಪು ತಿದ್ದಬೇಕು ಎಫಿ, ಮೊಳೆಗೆ ಹೇಳೋ ಮಾತನ್ನ ಮಗೂಗೆ ಹಾಕಿಬಿಟ್ಟೆ, ನಿಂಗೆ ಗೊತ್ತಿತ್ತು ಅಲ್ವಾ. ಮೊದಲನೇ ದಿನಾನೇ ಗೊತ್ತಾಯ್ತು. ಮತ್ತೆ ಹೇಳಬಾರದಿತ್ತಾ. ಏನಂತ ಹೇಳ್ಲಿ, ನೀನು ಎರಡು ದಿನ ಊಟ ಬಿಟ್ಟು ಬೆರಳೆಲ್ಲ ಗಾಯ ಮಾಡ್ಕೊಂಡು ನಿಂತಿದ್ದೆ, ಚೆನ್ನಾಗಿದೆಯಾ ಅಂತ ಕೇಳಿದ್ದೆ, ಚೆನ್ನಾಗಿತ್ತು, ಅದಕ್ಕೇ ಚೆನ್ನಾಗಿದೆ ಅಂದೆ. ಡಬ್ಬಿ ಕೆಳಗಿಟ್ಟಳು, ಕಲ್ಲಿನ ಮುಂದೆ ಮಂಡಿಯೂರಿದಳು, ಮಂಡಿ ಲಟಕ್ಕೆಂದಿತು, ಅಲ್ಲಿ ಸ್ಮಶಾನದಲ್ಲಿ ಮಕ್ಕಳ ಸಾಲಿನ ಕಲ್ಲೆಲ್ಲ ಲಿಟಲ್ಲೇ ಕಣೋ, ಲಿಟಲ್ ಅಂತ ಕೂಗಿದರೆ ಎಷ್ಟು ಮಕ್ಕಳು ತಿರುಗಿ ನೋಡ್ತಾವೋ, ಸ್ಮಾಲ್ ಅಂತ ಕೂಗಿದರೆ ನಮ್ಮವಳೊಬ್ಬಳೇ. ಉಳಿ ಕೈಯಿಂದ ಯಾವಾಗ ಇಳಿಯಿತೋ, ಭಾನುವಾರಗಳೆಲ್ಲ ತಾನು ಹೂವು ನೋಡುತ್ತ ನಿಂತಾಗ ಇವಳು ಹೀಗೇ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದಳೇನೋ, ಹೀಗೇ, ತಲೆಗೂದಲು ನೇವರಿಸುವಷ್ಟು ಮೆಲ್ಲಗೆ, ನೋಡಲೇ ಇಲ್ಲವಲ್ಲ, ಮೊಳಕ್ಕೆ ಎರಡು ಬೆರಳು ಕಡಿಮೆ — ಎಸ್ ಅಕ್ಷರದ ಬಳುಕಿನಲ್ಲಿ ಅವಳ ಕಿರುಬೆರಳು, ಅದರ ಸುತ್ತ ಉಕ್ಕಿ ನಿಂತ ಆ ಒಂದು ಹನಿ.