ಗುರುತು ಹಾಕದ ಹಾಳೆ

ಸಂಜೆಯಾದರೆ ದರ್ಜಿಯ ಅಂಗಡಿಯಲ್ಲಿ ಒಂದೇ ಮೇಜಿನ ಮೇಲೆ ಎರಡು ಕೆಲಸ ನಡೆಯುತ್ತಿದ್ದವು. ಒಂದು ತುದಿಯಲ್ಲಿ ಅವನು ಬಟ್ಟೆ ಹರಡಿ ಬಳಪದಿಂದ ಗುರುತು ಹಾಕುತ್ತಿದ್ದ. ಹೆಂಡತಿ ಆ ಗೆರೆಯ ಮೇಲೆ ಕತ್ತರಿ ಓಡಿಸುತ್ತಿದ್ದಳು. ಹದಿನಾರು ವರ್ಷದಲ್ಲಿ ಅವಳ ಕತ್ತರಿ ಗೆರೆ ತಪ್ಪಿದ್ದಿಲ್ಲ. ಗೆರೆ ಎಲ್ಲಿ ಹಾಕೋಣ ಎಂದು ಅವಳನ್ನು ಯಾರೂ ಕೇಳಿದ್ದೂ ಇಲ್ಲ. ಇನ್ನೊಂದು ತುದಿಯಲ್ಲಿ ಏಳನೇ ತರಗತಿಯ ಮಗಳು ಲೆಕ್ಕದ ಪುಸ್ತಕ ತೆರೆದು ತನ್ನ ಸರದಿ ಕಾಯುತ್ತಿದ್ದಳು. ಬಟ್ಟೆ ಮುಗಿದ ಮೇಲೆ ಅಪ್ಪ ಪೆನ್ಸಿಲ್ ಹಿಡಿದು, ಹತ್ತೂ ಲೆಕ್ಕಗಳಿಗೆ ಕಂಡೂ ಕಾಣದಷ್ಟು ತೆಳುವಾಗಿ ಉತ್ತರ ಬರೆಯುತ್ತಿದ್ದ. ಮಗಳು ಅದರ ಮೇಲೆ ಪೆನ್ನಿನಿಂದ ತಿದ್ದಿ, ಪೆನ್ಸಿಲ್ ಗೆರೆ ಅಳಿಸಿ, ಪುಸ್ತಕವನ್ನು ಚೀಲಕ್ಕೆ ಸೇರಿಸುತ್ತಿದ್ದಳು.

ಒಂದನೇ ತರಗತಿಯಲ್ಲಿ ಕೈ ಹಿಡಿದು ಅಂಕಿ ಬರೆಸಿದಾಗ ಶುರುವಾದದ್ದು ಇದು. ಆಗ ಸರಿಯಾಗಿಯೇ ಇತ್ತು. ಆಮೇಲೆ ಮಗಳು ಬೆಳೆದಳು, ಅಭ್ಯಾಸ ಬೆಳೆಯಲಿಲ್ಲ. ಹೇಳಿಕೊಡಲು ಒಂದು ಗಂಟೆ ಬೇಕು, ಗುರುತು ಹಾಕಲು ಐದು ನಿಮಿಷ. ದಿನವಿಡೀ ಹೊಲಿಗೆ ಯಂತ್ರ ತುಳಿದ ಕಾಲುಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಒಂದು ಗುರುವಾರ ಲೆಕ್ಕದ ಟೀಚರ್ ಅವನನ್ನು ಶಾಲೆಗೆ ಕರೆಸಿದರು. ಮೇಜಿನ ಮೇಲೆ ನೋಟ್‌ಪುಸ್ತಕಗಳ ರಾಶಿ, ಪಕ್ಕದಲ್ಲಿ ಒಂದು ಖಾಲಿ ಹಾಳೆ.

"ಪರೀಕ್ಷೆಯಲ್ಲಿ ನಿಮ್ಮ ಮಗಳು ಕೊಟ್ಟಿದ್ದು ಇದು. ಯಾಕಮ್ಮ ಏನೂ ಬರೆದಿಲ್ಲ ಅಂತ ಕೇಳಿದ್ರೆ, 'ಗುರುತು ಯಾರು ಹಾಕ್ತಾರೆ ಟೀಚರ್? ಮನೇಲಿ ಅಪ್ಪ ಹಾಕ್ತಾರೆ' ಅಂದ್ಳು."

ದರ್ಜಿ ಹಾಳೆಯನ್ನು ತಿರುಗಿಸಿ ನೋಡಿದ. ಆ ಕಡೆಯೂ ಖಾಲಿ.

"ನಾನು ಮಾಡಿಕೊಟ್ಟಿಲ್ಲ ಮೇಡಂ. ಬರೆಯೋದು ಅವಳೇ. ನಾನು ದಾರಿ ತೋರಿಸ್ತೀನಿ ಅಷ್ಟೆ."

"ದಾರಿ ತೋರಿಸ್ತಿಲ್ಲ ಸ್ವಾಮಿ, ಹೊತ್ಕೊಂಡು ಹೋಗಿ ಇಳಿಸ್ತಿದ್ದೀರಿ. ಚಿಕ್ಕವಳಿದ್ದಾಗ ಎತ್ಕೊಂಡಿದ್ರಿ, ಬೇಕಿತ್ತು. ಈಗ ಕೆಳಗಿಳಿಸಿ, ಪಕ್ಕದಲ್ಲಿ ನಡೀರಿ."

"ಒಂಬತ್ತು ಗಂಟೆಗೆ ಅಂಗಡಿ ತೆಗೆದವನು ಸಂಜೆ ಪಕ್ಕದಲ್ಲಿ ನಡೆಯೋಕೆ ಕಾಲು ಎಲ್ಲಿಂದ ತರಲಿ?"

ಟೀಚರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನನ್ನ ಪಾಡೂ ಅದೇ. ಐವತ್ತೆರಡು ಪುಸ್ತಕ. ನಿಮ್ಮ ಮಗಳದ್ದು ಬಂದ್ರೆ, ಸದ್ಯ ಇದೊಂದು ಸರಿಯಿದೆ ಅಂತ ಹತ್ತಕ್ಕೆ ಹತ್ತು ಹಾಕಿ ಕಳಿಸ್ತಿದ್ದೆ. ಅನುಮಾನ ಬರಬೇಕಿತ್ತು, ಬರಲಿಲ್ಲ. ಸೋಮವಾರ ಇನ್ನೊಂದು ಪರೀಕ್ಷೆ ಕೊಡ್ತೀನಿ. ಆಗಲೂ ಖಾಲಿ ಬಂದ್ರೆ ಲೆಕ್ಕಕ್ಕೆ ಆರನೇ ಕ್ಲಾಸಲ್ಲಿ ಕೂರಿಸ್ಬೇಕಾಗುತ್ತೆ."

ವಿಷಯ ಕೇಳಿದ ಹೆಂಡತಿ ಕತ್ತರಿ ನಿಲ್ಲಿಸಲಿಲ್ಲ. "ಗಿರಾಕಿ ಬಟ್ಟೆ ಕೆಡಬಾರದು ಅಂತ ಗೆರೆ ಹಾಕ್ತೀರಿ, ಸರಿ. ಮಗಳೇನು ಗಿರಾಕಿನಾ?"

ಆ ಸಂಜೆ ಮಗಳು ಎಂದಿನಂತೆ ಪುಸ್ತಕ ತಳ್ಳಿದಳು. "ಅಪ್ಪಾ, ಹಾಕು."

"ಇವತ್ತು ಇಲ್ಲ. ಕೈ ನೋವು."

"ಹುಕ್ಸ್ ಹೊಲೀತಿದ್ದೀಯಲ್ಲ."

"ಅದು ಬೇರೆ ನೋವು. ನೀನು ಬರಿ."

ಅವಳು ಬಹಳ ಹೊತ್ತು ಗೋಡೆ ನೋಡಿದಳು, ಅಮ್ಮನನ್ನು ನೋಡಿದಳು. ಎರಡೂ ಕಡೆ ಉತ್ತರ ಇರಲಿಲ್ಲ. ಕೊನೆಗೆ ಮುಕ್ಕಾಲಿಗೆ ಎಂಟನೇ ಒಂದು ಭಾಗ ಕೂಡಿಸಿ, ಹನ್ನೆರಡರಲ್ಲಿ ನಾಲ್ಕು ಎಂದು ಬರೆದಳು. ಅವನಿಗೆ ಕೈ ನಿಜವಾಗಿಯೂ ನೋಯತೊಡಗಿತು. ತಪ್ಪು ಕಣ್ಣೆದುರಿಗಿದ್ದೂ ಸುಮ್ಮನಿರುವುದು ದಿನದ ದುಡಿಮೆಗಿಂತ ಹೆಚ್ಚು ದಣಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಮುಕ್ಕಾಲು ಮೀಟರ್ ಬಟ್ಟೆಗೆ ಇನ್ನೊಂದು ತುಂಡು ಜೋಡಿಸಿದ್ರೆ ಬಟ್ಟೆ ಚಿಕ್ಕದಾಗುತ್ತಾ?"

"ಅದ್ಹೇಗಾಗುತ್ತೆ, ದೊಡ್ಡದಾಗುತ್ತೆ."

"ನೀನು ಬರೆದಿರೋದು ಅರ್ಧ ಮೀಟರೂ ಇಲ್ಲ ನೋಡು."

ಅವಳು ಹೊಡೆದುಹಾಕಿ ಮತ್ತೆ ಬರೆದಳು. ಅದೂ ತಪ್ಪು. ಮೂರನೇ ಸಲಕ್ಕೆ ಹಾಳೆ ಹರಿಯಿತು. ಹತ್ತು ಲೆಕ್ಕಗಳಲ್ಲಿ ಆ ದಿನ ಆದದ್ದು ಎರಡು. ಶುಕ್ರವಾರ ಮೂರು. ಶನಿವಾರ ಅವಳು ಅತ್ತಳು, ಅವನು ರೇಗಿದ, ಹೆಂಡತಿ ಇಬ್ಬರಿಗೂ ಟೀ ಕೊಟ್ಟಳು. ಭಾನುವಾರ ಮತ್ತೆ ಕೂತರು.

ಮಂಗಳವಾರ ಹಾಳೆ ಬಂತು. ಹತ್ತಕ್ಕೆ ನಾಲ್ಕು. ಖಾಲಿ ಜಾಗ ಎಲ್ಲೂ ಇರಲಿಲ್ಲ. ಟೀಚರ್ ಅವಳನ್ನು ಏಳರಲ್ಲೇ ಉಳಿಸಿಕೊಂಡಿದ್ದರು. ಮಗಳು ಹಾಳೆಯನ್ನು ಮಡಿಸಿ ಹಿಡಿದು ಬಾಗಿಲಲ್ಲೇ ನಿಂತಳು.

"ನಾಲ್ಕೇ ಬಂತಪ್ಪ."

ಹತ್ತಕ್ಕೆ ಹತ್ತು ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಒಗ್ಗಲು ಸ್ವಲ್ಪ ಹೊತ್ತು ಬೇಕಾಯಿತು.

"ತಪ್ಪಾಗಿರೋ ಆರೂ ನೀನೇ ಮಾಡಿದ್ದಾ?"

"ನಾನೇ. ಯಾರನ್ನೂ ನೋಡಿ ಬರೆದಿಲ್ಲ."

ಹೊರಗೆ ಗಿರಾಕಿಯೊಬ್ಬ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದು ನಿಂತಿದ್ದ. "ಹತ್ತು ನಿಮಿಷ ಕೂತಿರಿ ಸಾರ್," ಎಂದು ದರ್ಜಿ ಕುರ್ಚಿ ತೋರಿಸಿದ. ಆಮೇಲೆ ತಾನು ಯಂತ್ರದಿಂದ ಎದ್ದು, ಸೊಂಟ ಹಿಡಿದುಕೊಂಡು ಬಂದು, ಮಗಳನ್ನು ಮೇಜಿಗೆ ಕರೆದು, ಹಾಳೆ ಬಿಡಿಸಿ ಅವಳ ಪಕ್ಕದಲ್ಲಿ ಕೂತ.

"ಸರಿಯಾಗಿರೋದು ಆಮೇಲೆ ನೋಡೋಣ. ಈ ಮೊದಲನೇ ತಪ್ಪಿದೆಯಲ್ಲ, ಇದನ್ನ ಹೇಗೆ ಮಾಡ್ದೆ ಹೇಳು."

ಅವಳು ಹೇಳತೊಡಗಿದಳು. ಅವನು ಮಧ್ಯೆ ಬಾಯಿ ಹಾಕಲಿಲ್ಲ.